ರಿಸೆಪ್ಟರ್ ಹೆಚ್ಚಿದ್ದಷ್ಟೂ ಬ್ಯಾಕ್ಟೀರಿಯಾ ಹೆಚ್ಚು ಅಪಾಯಕಾರಿಯೇ?

ಊಟದ ಜೊತೆ ಹೊಟ್ಟೆ ಸೇರುವ ಬ್ಯಾಕ್ಟೀರಿಯಾಗಳ ಮೈಮೇಲೆ ರಿಸೆಪ್ಟರ್‌ಗಳು (ನಿರ್ದಿಷ್ಟ ಅಣುವನ್ನು ಗುರುತಿಸಿ ಹಿಡಿಯುವ ಅಣುಗಳು) ಹೆಚ್ಚಿದ್ದಷ್ಟೂ ಕಾಯಿಲೆ ಜೋರಾಗುತ್ತದೆಯೇ ಎಂದು ಕೇಳಿದ್ದೀರಿ. ಡಿಗ್ರಿ ಮಕ್ಕಳಿಗೆ ಮೈಕ್ರೋಬಯಾಲಜಿ ಹೇಳಿಕೊಡುವ ನನಗೆ ಸೆಮಿನಾರ್ ಹೊತ್ತಿಗೆ ತಪ್ಪದೆ ಎದುರಾಗುವ ಪ್ರಶ್ನೆ ಇದು.

ಲೆಕ್ಕ ಅಷ್ಟು ನೇರವಾಗಿಲ್ಲ. ರಿಸೆಪ್ಟರ್ ತಾನಾಗಿ ಯಾರಿಗೂ ವಾಂತಿಭೇದಿ ತರುವುದಿಲ್ಲ. ಬ್ಯಾಕ್ಟೀರಿಯಾ ಈಗ ಎಲ್ಲಿದೆ ಎಂದು ಅದಕ್ಕೆ ತಿಳಿಸುತ್ತದೆ, ಅಷ್ಟೆ. ಸೊಪ್ಪಿನ ಮೇಲೋ ಮಾಂಸದ ಮೇಲೋ ಕೂತಿರುವಾಗಲೇ ದಾಳಿಯ ಪ್ರೋಟೀನ್‌ಗಳನ್ನೆಲ್ಲ ತಯಾರಿಸುತ್ತಿದ್ದರೆ ಶಕ್ತಿ ದಂಡ. ಕರುಳು ಮುಟ್ಟಿದ ಸುಳಿವು ಸಿಕ್ಕ ಮೇಲೆ ಆ ಜೀನ್‌ಗಳು ಚಾಲೂ ಆದರೆ ಸಾಕು.

ಇ. ಕೋಲಿ ಒ157:ಎಚ್7 ತಳಿಯನ್ನೇ ನೋಡಿ. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಶುರುವಾದಾಗ ಇದು ಮೊದಲು ಗುರುತಿಗೆ ಬಂತು. ಇದರಲ್ಲಿ ಕ್ಯೂಎಸ್‌ಇಸಿ ಎಂಬ ರಿಸೆಪ್ಟರ್ ಇದೆ. ಅದು ನಮ್ಮದೇ ಅಡ್ರಿನಾಲಿನ್, ನಾರ್ ಅಡ್ರಿನಾಲಿನ್‌ಗಳನ್ನು ಗುರುತಿಸುತ್ತದೆ ಎಂದು ಡಲ್ಲಾಸ್‌ನ ವನೆಸ್ಸಾ ಸ್ಪೆರಾಂಡಿಯೊ ಅವರ ತಂಡ 2006ರಲ್ಲಿ ತೋರಿಸಿತು. ಹಾರ್ಮೋನ್ ಸಿಕ್ಕ ಕೂಡಲೇ ತನಗೊಂದು ಫಾಸ್ಫೇಟ್ ಅಂಟಿಸಿಕೊಂಡು, ಅದನ್ನು ಒಳಗಿನ ಇನ್ನೊಂದು ಪ್ರೋಟೀನಿಗೆ ದಾಟಿಸುತ್ತದೆ. ಅಲ್ಲಿಂದ ಮುಂದೆ ಈಜುವ, ಅಂಟಿಕೊಳ್ಳುವ ಜೀನ್‌ಗಳು ಎಚ್ಚರಗೊಳ್ಳುತ್ತವೆ. (ಅಂದಹಾಗೆ, ಇ. ಕೋಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆ; ಈ ರಿಸೆಪ್ಟರ್ ಇರುವುದು ಒಳಪೊರೆಯಲ್ಲಿ. ‘ಮೈಮೇಲೆ’ ಅನ್ನುವಾಗ ಇದು ನೆನಪಿರಲಿ, ವೈವಾದಲ್ಲಿ ಕೇಳುತ್ತಾರೆ.)

ಕರುಳಿಗೆ ಕಚ್ಚಿಕೊಳ್ಳುವ ರೀತಿಯಂತೂ ನನಗೆ ಇಡೀ ವಿಷಯದಲ್ಲೇ ಅತಿ ಸೋಜಿಗದ್ದು. ಕರುಳಿನ ಜೀವಕೋಶದಲ್ಲಿ ತನಗೆ ಬೇಕಾದ ರಿಸೆಪ್ಟರ್ ಇದೆಯೋ ಇಲ್ಲವೋ ಎಂಬ ಗೊಡವೆಯೇ ಇದಕ್ಕಿಲ್ಲ. ಸಿರಿಂಜಿನಂಥ ಕೊಳವೆಯಿಂದ ಟಿಐಆರ್ ಎಂಬ ತನ್ನದೇ ಪ್ರೋಟೀನನ್ನು ನಮ್ಮ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಅದು ಜೀವಕೋಶದ ಪೊರೆಯಲ್ಲಿ ನಾಟಿಕೊಂಡು ಹೊರಗೆ ಇಣುಕುತ್ತದೆ. ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಇಂಟಿಮಿನ್ ಎಂಬ ಪ್ರೋಟೀನಿನಿಂದ ಅದನ್ನೇ ಹಿಡಿದುಕೊಳ್ಳುತ್ತದೆ. ಮನೆಗೆ ಬಂದ ನೆಂಟ ತಾನೇ ಮೊಳೆ ತಂದು, ನಮ್ಮ ಗೋಡೆಗೆ ಹೊಡೆದು, ತನ್ನ ಅಂಗಿ ನೇತುಹಾಕಿದ ಹಾಗೆ. ಇದರ ಹತ್ತಿರದ ಬಂಧು, ಭೇದಿ ತರುವ ಇಪಿಇಸಿ ಎಂಬ ಇನ್ನೊಂದು ಇ. ಕೋಲಿಯಲ್ಲಿ ಬ್ರೆಟ್ ಫಿನ್ಲೆ ಅವರ ತಂಡ 1997ರಲ್ಲಿ ಇದನ್ನು ಕಂಡುಹಿಡಿಯುವವರೆಗೆ ಆ ಪ್ರೋಟೀನ್ ನಮ್ಮದೇ ಎಂದು ತಿಳಿದಿದ್ದರು.

ಇನ್ನು ನಮ್ಮ ಕಡೆಯ ರಿಸೆಪ್ಟರ್. ಒ157 ಬಿಡುವ ಶಿಗಾ ಟಾಕ್ಸಿನ್ ಅಂಟುವುದು ಜಿಬಿ3 ಎಂಬ ಕೊಬ್ಬಿನಂಥ ಅಣುವಿಗೆ. ಅದು ನಮ್ಮ ಕಿಡ್ನಿಯ ರಕ್ತನಾಳಗಳಲ್ಲಿ ಧಾರಾಳ. ಮಕ್ಕಳ ಕಿಡ್ನಿ ಕೈಕೊಡುವುದು ಹೀಗೆ. ದನಗಳ ಕರುಳಿನ ರಕ್ತನಾಳಗಳಲ್ಲಿ ಅದು ಇಲ್ಲ. ಹಾಗಾಗಿ ಅವು ಈ ತಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಆರಾಮಾಗಿ ಮೇಯುತ್ತವೆ, ಸಗಣಿಯಲ್ಲಿ ಹೊರಹಾಕುತ್ತವೆ.

ಕೆಲವು ಆಂಟಿಬಯೋಟಿಕ್‌ಗಳು ಶಿಗಾ ಟಾಕ್ಸಿನ್ ತಯಾರಿಕೆಯನ್ನೇ ಹೆಚ್ಚಿಸುವುದರಿಂದ ವೈದ್ಯರು ಒ157 ಎಂದರೆ ಔಷಧಿ ಬರೆಯಲು ಹಿಂದೆಮುಂದೆ ನೋಡುತ್ತಾರೆ. 2008ರಲ್ಲಿ ಸ್ಪೆರಾಂಡಿಯೊ ತಂಡ ಪ್ರಕಟಿಸಿದ ಎಲ್‌ಇಡಿ209 ಎಂಬ ಅಣು ಗಮನ ಸೆಳೆದದ್ದು ಅದಕ್ಕೇ: ಅದು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಕ್ಯೂಎಸ್‌ಇಸಿಯ ಕಿವಿಯನ್ನಷ್ಟೇ ಮುಚ್ಚುತ್ತದೆ.

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಫೋಕ್ಯು ಕೂಡ ಕ್ಯೂಎಸ್‌ಇಸಿ ಜಾತಿಯದೇ ರಿಸೆಪ್ಟರ್. ಬಿಳಿ ರಕ್ತಕಣದೊಳಗಿನ ಆಮ್ಲ, ಮೆಗ್ನೀಸಿಯಂ ಅಭಾವ, ಸೂಕ್ಷ್ಮಾಣು ಕೊಲ್ಲುವ ಪೆಪ್ಟೈಡ್‌ಗಳು ಇದನ್ನು ಬಡಿದೆಬ್ಬಿಸುತ್ತವೆ. ಬ್ಯಾಕ್ಟೀರಿಯಾ ತನ್ನ ಹೊರಪೊರೆಯನ್ನೇ ಬದಲಿಸಿಕೊಳ್ಳುತ್ತದೆ.

ಸೆಮಿನಾರಿಗೆ ಒಂದೇ ಉದಾಹರಣೆ ಬೇಕಿದ್ದರೆ ಊಟದ ಜೊತೆ ಬರುವ ಇನ್ನೊಂದು ಬ್ಯಾಕ್ಟೀರಿಯಾ ಲಿಸ್ಟೀರಿಯಾ ತೆಗೆದುಕೊಳ್ಳಿ. ಅದು ಇಂಟರ್ನಲಿನ್ ಎ ಎಂಬ ಪ್ರೋಟೀನಿನಿಂದ, ನಮ್ಮ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಹಿಡಿದು ಕರುಳಿನ ಜೀವಕೋಶದೊಳಗೆ ನುಗ್ಗುತ್ತದೆ. ಫ್ರಾನ್ಸಿನ 2004ರ ಅಧ್ಯಯನದಲ್ಲಿ ರೋಗಿಗಳಿಂದ ತೆಗೆದ ತಳಿಗಳಲ್ಲಿ 96% ಈ ಪ್ರೋಟೀನನ್ನು ಪೂರ್ತಿ ಉದ್ದಕ್ಕೆ ತಯಾರಿಸುತ್ತಿದ್ದವು. ಆಹಾರದಿಂದ ತೆಗೆದವುಗಳಲ್ಲಿ 65% ಮಾತ್ರ. ಇಲಿಯ ಇ-ಕ್ಯಾಡ್ಹೆರಿನ್‌ನ 16ನೇ ಅಮೈನೋ ಆಮ್ಲದ ಜಾಗದಲ್ಲಿ ನಮ್ಮಲ್ಲಿರುವ ಪ್ರೋಲಿನ್ ಬದಲು ಗ್ಲುಟಾಮಿಕ್ ಆಮ್ಲ ಇರುವುದರಿಂದ ಇಂಟರ್ನಲಿನ್‌ಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಗಿನಿಪಿಗ್‌ನಲ್ಲಿ ಸಿಗುತ್ತದೆ. ಲಿಸ್ಟೀರಿಯಾ ತಿನ್ನಿಸಿದ ಪ್ರಯೋಗದ ಪೇಪರ್ ಓದುವಾಗ ಮೊದಲು ಯಾವ ಪ್ರಾಣಿ ಬಳಸಿದ್ದಾರೆಂದು ನೋಡಿಬಿಡಿ.