ಕ್ಯಾಮೆರಾ ಎತ್ತಿದೊಡನೆ ಮುಖ ಬಿಗಿಯುವುದೇಕೆ?

ಪ್ರಶ್ನೆ: ಮಂಡ್ಯದ ಸುತ್ತಲಿನ ಆಲೆಮನೆಗಳಲ್ಲಿ ದುಡಿಯುವವರ ಭಾವಚಿತ್ರಗಳನ್ನು ತೆಗೆಯುತ್ತಿದ್ದೇನೆ. ನಗುನಗುತ್ತಾ ಮಾತನಾಡುವ ಹಿರಿಯರು ಕ್ಯಾಮೆರಾ ಕಂಡೊಡನೆ ಸೆಟೆದು ನಿಲ್ಲುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಆ ಬಿಗಿತವನ್ನು ದೋಷವೆಂದು ಭಾವಿಸಬೇಡಿ. ಮದುವೆಯಂತಹ ಸಂದರ್ಭಗಳಲ್ಲಿ ಮಾತ್ರ ಫೋಟೊ ತೆಗೆಸಿಕೊಂಡ ಹಿರಿಯರಿಗೆ ನೆಟ್ಟಗೆ ನಿಲ್ಲುವುದೇ ಮರ್ಯಾದೆ. ನನ್ನೆದುರು ಒಬ್ಬ ಅಜ್ಜ ಹೆಗಲ ಟವೆಲನ್ನು ಕೊಡವಿ, ಮಡಿಸಿ, ಮತ್ತೆ ಹೊದ್ದುಕೊಂಡ ಮೇಲೆಯೇ "ಈಗ ತೆಗೀರಿ" ಎಂದಿದ್ದರು. ಆದ್ದರಿಂದ ಅನುಮತಿ ಕೇಳಿ, ಅವರು ಬಯಸಿದಂತೆಯೇ ಮೊದಲ ಚಿತ್ರವನ್ನು ತೆಗೆದು, ಅವರಿಗೇ ತೋರಿಸಿ. ಆನಂತರ ಅವರು ಕೊಪ್ಪರಿಗೆಯ ಬಳಿಗೆ ಮರಳಿ, ಕುದಿಯುವ ಪಾಕವನ್ನು ತುಸು ನೀರಿಗೆ ಬಿಟ್ಟು ಬೆರಳುಗಳ ನಡುವೆ ಉಂಡೆ ಮಾಡುತ್ತಾ ಹದ ನೋಡುವಾಗ, ಗಮನವೆಲ್ಲ ಕೈಯಲ್ಲಿರುವುದರಿಂದ ಮುಖ ತಾನಾಗಿಯೇ ಸಡಿಲಗೊಳ್ಳುತ್ತದೆ.

ಅಂತರವೂ ಮುಖ್ಯ. ಅಗಲ ನೋಟದ 24 ಮಿ.ಮೀ. ಲೆನ್ಸ್ ಹಿಡಿದು ಮುಖದ ಸಮೀಪಕ್ಕೆ ಹೋದರೆ ಮೂಗು ದೊಡ್ಡದಾಗಿ ಕಾಣುವುದಲ್ಲದೆ, ಎದುರಿನವರಿಗೂ ಇರುಸುಮುರುಸಾಗುತ್ತದೆ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮ್‌ನ ಚೌಕಟ್ಟಿನಷ್ಟೇ ದೊಡ್ಡ ಸಂವೇದಕವಿರುವ) ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸ್ ಬಳಸಿ ಸುಮಾರು 2 ಮೀಟರ್ ದೂರದಲ್ಲಿ ನಿಂತರೆ ಮಾತೂ ನಿಲ್ಲದು, ಮುಖವೂ ವಿಕಾರವಾಗದು.

ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಸಾಮಾನ್ಯ ಜನರು ಎಷ್ಟು ನಿರಾಳವಾಗಿದ್ದಾರೆಂಬುದನ್ನು ದಯವಿಟ್ಟು ಬಿಡುವಾಗಿ ಗಮನಿಸಿ. ಮುಂದಿನ ಭೇಟಿಗೆ ಹೋಗುವಾಗ, ಹಿಂದೆ ತೆಗೆದ ಚಿತ್ರಗಳ ಮುದ್ರಿತ ಪ್ರತಿಗಳನ್ನು ಅವರವರ ಕೈಗೆ ಕೊಟ್ಟು, ಆ ದಿನ ಒಂದು ಗಂಟೆಯಾದರೂ ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟಿರಿ.