ಟಿವಿಯೂ ಸರಿ ಇದೆ, ಕಿವಿಯೂ ಸರಿ ಇದೆ

ಓದುಗರೊಬ್ಬರ ಪತ್ರ: "ಮಗುವನ್ನು ಮಲಗಿಸಿ ರಾತ್ರಿ ಸೀರಿಯಲ್ ನೋಡಲು ಕೂರುತ್ತೇನೆ. ವಾಲ್ಯೂಮ್ 12 ಇಟ್ಟರೆ ಮಾತು ಕೇಳಿಸುತ್ತದೆ. ಜಾಹೀರಾತು ಬಂದ ಕೂಡಲೇ ಮಗು ಬೆಚ್ಚಿ ಏಳುತ್ತದೆ. ರಿಪೇರಿಯವರು ಬಂದು ‘ಟಿವಿ ಸರಿ ಇದೆ, 12 ಅಂತಲೇ ತೋರಿಸ್ತಿದೆಯಲ್ಲ’ ಅಂದರು. ನನ್ನ ಕಿವಿಯದೇ ತೊಂದರೆಯಾ? ಇದಕ್ಕೆ ಕಾನೂನು ಇಲ್ವಾ?"

ಸಂಪಾದಕರ ಉತ್ತರ:

ನಿಮ್ಮ ಕಿವಿ ಚೆನ್ನಾಗಿಯೇ ಇದೆ. ರಿಪೇರಿಯವರು ಹೇಳಿದ್ದೂ ಸುಳ್ಳಲ್ಲ. ತಕರಾರು ಇರುವುದು ಅಳತೆಯಲ್ಲಿ.

ಬಹಳ ಕಾಲ ಚಾನೆಲ್‌ನವರು ನೋಡುತ್ತಿದ್ದದ್ದು ಶಬ್ದದ ತುದಿಯನ್ನು, ಅಂದರೆ ಅತಿ ಜೋರಾದ ಕ್ಷಣ ಎಷ್ಟು ಮೇಲೆ ಹೋಗುತ್ತದೆ ಅನ್ನುವುದನ್ನು. ಆ ಗೆರೆ ಸೀರಿಯಲ್‌ಗೂ ಒಂದೇ, ಜಾಹೀರಾತಿಗೂ ಒಂದೇ. ಸೀರಿಯಲ್ ಆ ಗೆರೆ ಮುಟ್ಟುವುದು ಯಾವಾಗಲೋ ಒಮ್ಮೆ, ಯಾರೋ ಸಿಟ್ಟಿನಲ್ಲಿ ಬಾಗಿಲನ್ನು ಧಡಾರನೆ ಹಾಕಿಕೊಂಡಾಗ. ಉಳಿದ ಹೊತ್ತೆಲ್ಲ ಪಿಸುಮಾತು, ನಿಟ್ಟುಸಿರು. ಜಾಹೀರಾತು ಮಾಡುವವರು ಮೆಲ್ಲಗಿನ ಸದ್ದನ್ನೂ ಎತ್ತಿ ಆ ಗೆರೆಯ ಪಕ್ಕಕ್ಕೇ ತಂದು ಕೂರಿಸುತ್ತಾರೆ. ಸ್ಟುಡಿಯೋದಲ್ಲಿ ಇದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಮೂವತ್ತು ಸೆಕೆಂಡ್ ಉಸಿರು ತೆಗೆದುಕೊಳ್ಳದೆ ಕೂಗಿದ ಹಾಗೆ. ಮೀಟರ್ ನೋಡಿದರೆ ಯಾರೂ ಗೆರೆ ದಾಟಿಲ್ಲ. ಕಿವಿ ಮಾತ್ರ ಗೆರೆ ನೋಡುವುದಿಲ್ಲ, ಒಟ್ಟು ಎಷ್ಟು ಸುರಿಯಿತು ಅಂತ ನೋಡುತ್ತದೆ. ಅದರ ಹಿಂದಿನ ದೃಶ್ಯದಲ್ಲಿ ನಾಯಕಿ ಪಿಸುಗುಟ್ಟುತ್ತಿದ್ದರಂತೂ ಮುಗಿಯಿತು.

ಕಿವಿಗೆ ಕೇಳಿಸುವ ಹಾಗೆ ಅಳೆಯುವ ಕ್ರಮವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಕೊಟ್ಟಿತು. ಅದನ್ನು ಹಿಡಿದು ಯುರೋಪಿನ ಪ್ರಸಾರಕರು 2010ರಲ್ಲಿ ಯಂತ್ರ ಹಿಡಿಯಬಲ್ಲ ಅತಿ ಜೋರನ್ನು ಸೊನ್ನೆ ಅಂತಿಟ್ಟುಕೊಂಡು, ಅದಕ್ಕಿಂತ ಕೆಳಗೆ ಮೈನಸ್ 23 ಅನ್ನುವ ಸರಾಸರಿ ಮಟ್ಟ ಗೊತ್ತು ಮಾಡಿಕೊಂಡರು. ಅಮೆರಿಕದ್ದು ಮೈನಸ್ 24. ಅಲ್ಲಿ ಕಾನೂನೇ ಬಂತು. ಸಂಸದೆ ಆನಾ ಎಷೂ ಮುಂದೆ ನಿಂತು ತಂದದ್ದು, ಹೆಸರು ‘ಕಾಮ್ ಆಕ್ಟ್’. ತಪ್ಪು ತಿಳಿಯಬೇಡಿ, ಇಂಗ್ಲಿಷಿನಲ್ಲಿ ಶಾಂತ ಅಂತ ಅರ್ಥ! 2012ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಜಾಹೀರಾತಿನ ಸರಾಸರಿ ಜೋರು ಕಾರ್ಯಕ್ರಮದ್ದನ್ನು ಮೀರಬಾರದು.

ಸರಾಸರಿ ಅನ್ನುವಲ್ಲೇ ತೂತು ಇರುವುದು. ಮೊದಲ ಐದು ಸೆಕೆಂಡ್ ಕಿರುಚಿ, ಉಳಿದದ್ದನ್ನು ಸ್ವಲ್ಪ ತಗ್ಗಿಸಿದರೆ ಲೆಕ್ಕ ಸರಿಹೋಗುತ್ತದೆ. ನಿಮ್ಮ ಮಗು ಏಳುವುದು ಸರಾಸರಿಗಲ್ಲ, ಮೊದಲ ಸೆಕೆಂಡಿಗೆ. ಇನ್ನೊಂದು, ಪ್ರಸಾರ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಆಯೋಗ ಮೀಟರ್ ಹಿಡಿದು ಕೂರುವುದಿಲ್ಲ. ನೋಡುಗರು ದೂರು ಕೊಟ್ಟರೆ ಉಂಟು.

ನಮ್ಮಲ್ಲಿ ಕಾನೂನು ಇಲ್ವಾ ಅಂದಿರಿ. ಇದೆ, ಅಮೆರಿಕಕ್ಕಿಂತ ಹಳೆಯದು. 1994ರ ಕೇಬಲ್ ಟಿವಿ ನಿಯಮಗಳ 7ನೇ ನಿಯಮದಲ್ಲಿ, ಜಾಹೀರಾತಿನ ದೃಶ್ಯವೂ ಶಬ್ದವೂ ಅತಿಯಾಗಿ ‘ಜೋರು’ ಇರಬಾರದು ಅಂತಿದೆ. ದೃಶ್ಯ ಜೋರಾಗಿರುವುದು ಹೇಗೋ, ಬರೆದವರೇ ಹೇಳಬೇಕು. ಅತಿ ಅಂದರೆ ಎಷ್ಟು? ಆ ಸಾಲಿನಲ್ಲಿ ಅಂಕಿ ಇಲ್ಲ. ಅಂಕಿ ಇಲ್ಲದ ಮೇಲೆ ಯಾರನ್ನು ಹಿಡಿಯುವುದು? ನನ್ನ ಸಿಟ್ಟು ಜಾಹೀರಾತಿನವರಿಗಿಂತ ಈ ಸಾಲಿನ ಮೇಲೇ ಜಾಸ್ತಿ.

ನಿಮ್ಮ ಮಗುವಿಗೆ ದೂರದಲ್ಲೊಂದು ಜೊತೆಯೂ ಇದೆ. ಅಮೆರಿಕದ ಕಾನೂನು ಟಿವಿ, ಕೇಬಲ್, ಡಿಶ್‌ಗಳಿಗಷ್ಟೇ. ಓಟಿಟಿ ಅದರ ಕೈಗೆ ಸಿಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಶಾಸಕರೊಬ್ಬರ ಸಿಬ್ಬಂದಿಯ ಮನೆಯಲ್ಲಿ, ಕಷ್ಟಪಟ್ಟು ಮಲಗಿಸಿದ ಹಸುಗೂಸು ಓಟಿಟಿ ಜಾಹೀರಾತಿಗೆ ಎದ್ದುಬಿಡುತ್ತಿತ್ತಂತೆ. ಅಲ್ಲಿಂದ ಹುಟ್ಟಿದ ಮಸೂದೆಗೆ 2025ರ ಅಕ್ಟೋಬರ್‌ನಲ್ಲಿ ಗವರ್ನರ್ ಸಹಿ ಬಿತ್ತು. 2026ರ ಜುಲೈ 1ರಿಂದ ಆ ರಾಜ್ಯದಲ್ಲಿ ಓಟಿಟಿಗೂ ಅದೇ ಕಟ್ಟು.

ಸದ್ಯಕ್ಕೆ ರಿಮೋಟ್ ತೆಗೆದುಕೊಂಡು ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ. ಆಟೋ ವಾಲ್ಯೂಮ್ ಅಂತಲೋ ನೈಟ್ ಮೋಡ್ ಅಂತಲೋ ಇದ್ದರೆ ಆನ್ ಮಾಡಿ. ನಾನು ಮಾಡಿಕೊಂಡಿದ್ದೇನೆ. ಜಾಹೀರಾತು ತಗ್ಗಿದೆ. ಜೊತೆಗೆ ಸೀರಿಯಲ್ಲಿನ ಗುಡುಗೂ ಪಕ್ಕದ ಕೋಣೆಯಲ್ಲಿ ಡಬ್ಬ ಬಿದ್ದ ಹಾಗೆ ಕೇಳಿಸುತ್ತಿದೆ.