ಪ್ರತಿಕ್ರಿಯೆ: ಬೆಳಗಿನ ಮೊದಲ ನಮೂದಿಗೆ ಮಾತ್ರ ಬರುವ ಡೇಟಾಬೇಸ್ ಸಂಪರ್ಕ ದೋಷ

ಮಂಡ್ಯದ ನಿಮ್ಮ ಹಾಲಿನ ಸಂಘದ ತಂತ್ರಾಂಶದಲ್ಲಿ ಬೆಳಗಿನ ಮೊದಲ ಒಂದೆರಡು ನಮೂದುಗಳಿಗಷ್ಟೇ ದೋಷ ಬಂದು ಸಂಜೆ ಬಾರದಿರುವುದಕ್ಕೆ ಬಹುಮಟ್ಟಿಗೆ ಡೇಟಾಬೇಸ್ ಸರ್ವರ್ ಆದ ಮೈಎಸ್‌ಕ್ಯೂಎಲ್‌ನ ‘ವೇಟ್ ಟೈಮ್‌ಔಟ್’ ಕಾರಣ. ಈ ಮೌಲ್ಯವನ್ನು ಯಾರೂ ಬದಲಿಸಿರದಿದ್ದರೆ, ಬಳಕೆಯಿಲ್ಲದ ಸಂಪರ್ಕವನ್ನು ಸರ್ವರ್ 28,800 ಸೆಕೆಂಡುಗಳ, ಅಂದರೆ 8 ಗಂಟೆಗಳ ಬಳಿಕ ಮುಚ್ಚುತ್ತದೆ. ನೀವು ತಿಳಿಸಿದಂತೆ ರಾತ್ರಿ 7:30ಕ್ಕೆ ಅಳತೆ ಮುಗಿದು ಬೆಳಿಗ್ಗೆ 6ಕ್ಕೆ ಮತ್ತೆ ಆರಂಭವಾಗುವಷ್ಟರಲ್ಲಿ ಹತ್ತೂವರೆ ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ ಮುಚ್ಚಿಹೋದ ಸಂಪರ್ಕವನ್ನೇ ಪೂಲ್ (ತೆರೆದ ಸಂಪರ್ಕಗಳನ್ನು ಮರುಬಳಕೆಗೆ ಇಟ್ಟುಕೊಳ್ಳುವ ಭಾಗ) ಜೀವಂತವೆಂದು ಭಾವಿಸಿ ತಂತ್ರಾಂಶಕ್ಕೆ ಕೊಡುತ್ತದೆ. ಹಗಲಿನ ಬಿಡುವು 8 ಗಂಟೆ ಮುಟ್ಟುವುದಿಲ್ಲ.

ಮೊದಲು ಸರ್ವರಿನಲ್ಲಿ ಆ ಮೌಲ್ಯ ಎಷ್ಟಿದೆಯೆಂದು ನೋಡಿ. ಬಳಿಕ ಪೂಲ್‌ನಲ್ಲಿ ಸಂಪರ್ಕದ ಗರಿಷ್ಠ ಆಯುಷ್ಯವನ್ನು ಅದಕ್ಕಿಂತ ಸಾಕಷ್ಟು ಕಡಿಮೆ, 30 ನಿಮಿಷದಷ್ಟು ಇರಿಸಿ, ಸಂಪರ್ಕವನ್ನು ಕೊಡುವ ಮುನ್ನ ಪರೀಕ್ಷಿಸುವ ಆಯ್ಕೆಯನ್ನೂ ಚಾಲೂ ಮಾಡಿ. ಸರ್ವರಿನ ಅವಧಿಯನ್ನೇ ಹೆಚ್ಚಿಸುವುದು ಸುಲಭವೆನಿಸಬಹುದಾದರೂ ದಯವಿಟ್ಟು ಹಾಗೆ ಮಾಡಬೇಡಿ, ಏಕೆಂದರೆ ತಂತ್ರಾಂಶಕ್ಕೂ ಸರ್ವರಿಗೂ ನಡುವೆ ಜಾಲವನ್ನು ಕಾಯುವ ಫೈರ್‌ವಾಲ್ ಕೂಡ ಸುಮ್ಮನಿರುವ ಸಂಪರ್ಕವನ್ನು ಕಡಿಯಬಲ್ಲದು.

ಖಚಿತಪಡಿಸಿಕೊಳ್ಳಲು, ರೈತರ ಲೆಕ್ಕವಿರುವ ಸರ್ವರನ್ನು ಮುಟ್ಟದೆ, ಪರೀಕ್ಷಾ ಸರ್ವರಿನಲ್ಲಿ ಪೂಲ್‌ನ ಹಳೆಯ ಹೊಂದಿಕೆಯೊಡನೆ ವೇಟ್ ಟೈಮ್‌ಔಟ್ ಅವಧಿಯನ್ನು 60 ಸೆಕೆಂಡಿಗೆ ಇಳಿಸಿ, ತಂತ್ರಾಂಶವನ್ನು ಮರುಪ್ರಾರಂಭಿಸಿ, ಒಂದು ನಮೂದು ಮಾಡಿ ಎರಡು ನಿಮಿಷ ಬಿಟ್ಟು ಇನ್ನೊಂದು ನಮೂದು ಮಾಡಿ. ಅದೇ ದೋಷ ಮರುಕಳಿಸಿದರೆ ಕಾರಣ ಇದೇ. ಜನ ಸಾಲುಗಟ್ಟಿರುವ ಹೊತ್ತಿನಲ್ಲೂ ದೋಷ ಬರುತ್ತಿದ್ದರೆ ನನ್ನ ಊಹೆ ತಪ್ಪಿರಬಹುದು; ಆಗ ಬಳಸಿದ ಸಂಪರ್ಕಗಳನ್ನು ಕೋಡ್ ಪೂಲ್‌ಗೆ ಹಿಂದಿರುಗಿಸುತ್ತಿದೆಯೇ ಎಂಬುದನ್ನು ಪರಿಶೀಲಿಸಿ.